ಮೂರನೆಯ ತಂತಿ

"ಸರ್, ಹೊಸ ಪ್ರಾಜೆಕ್ಟನ್ನು ಮೊದಲಿನಿಂದ ಯಾಕೆ ಕಟ್ಟಬೇಕು? ಹಳೆಯದನ್ನೇ ಕಾಪಿ ಮಾಡಿ ಹೆಸರು ಬದಲಿಸಿದರೆ ಸಾಲದೇ?" ಎಂದು ಭಾಗೀರಥಿ ಕೇಳಿದಳು.

ಪರ್ವತಪ್ಪ ಮೇಷ್ಟ್ರಿಗೆ ಮೈ ಉರಿಯಿತು. ಯಂತ್ರ ನಡೆಸುವ ಪಿಎಲ್‌ಸಿ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿ ಕಲಿಸಿ ಅವರ ಕೂದಲು ನರೆತಿತ್ತು. ಬಂದವರೆಲ್ಲ ಕೇಳುವುದು ಇದನ್ನೇ. ಯಾವ ಪೆಟ್ಟಿಗೆ ಎಂದು ಮೊದಲು ಆರಿಸು, ಯಾವ ತಂತಿ ಎಲ್ಲಿಂದ ಬಂದಿದೆ ಎಂದು ಯಂತ್ರದ ಹತ್ತಿರ ಹೋಗಿ ನೋಡು, ಒಂದೊಂದಕ್ಕೂ ಹೆಸರು ಕೊಡು, ಆಮೇಲೆ ಬರೆ ಎಂದು ಹೇಳಿ ಹೇಳಿ ಬಾಯಿ ಒಣಗಿದ್ದೇ ಬಂತು. ನಾಳೆ ಒಂದು ಕಾರ್ಖಾನೆಯಲ್ಲಿ ಈ ಹುಡುಗಿಯೇ ಯಂತ್ರ ಚಾಲೂ ಮಾಡಬೇಕು, ಇವತ್ತು ಈ ಪ್ರಶ್ನೆ. ಬೈಯಲು ಬಾಯಿ ತೆರೆದವರು ತಡೆದುಕೊಂಡು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಅವಲಕ್ಕಿ ಗಿರಣಿ ಇತ್ತು. ಪಕ್ಕದ ಊರಿನಲ್ಲಿ ಇನ್ನೊಂದು ಹಾಕಿದ. ಅದೇ ಯಂತ್ರ, ಅದೇ ಪೆಟ್ಟಿಗೆ. ಪ್ರೋಗ್ರಾಂ ಹಾಕಲು ಬಂದ ಮಹಾನುಭಾವ ಹಳೆಯದನ್ನೇ ಕಾಪಿ ಮಾಡಿದ, ಹೆಸರು ಬದಲಿಸಿದ, ಚಹಾ ಕುಡಿದ. ಹಳೆಯ ಗಿರಣಿಯಲ್ಲಿ ಪೆಟ್ಟಿಗೆಯ ಮೂರನೆಯ ತಂತಿ ಯಂತ್ರದ ಮುಚ್ಚಳದಿಂದ ಬರುತ್ತಿತ್ತು. ಮುಚ್ಚಳ ತೆಗೆದರೆ ಯಂತ್ರ ನಿಲ್ಲುತ್ತಿತ್ತು. ಹೊಸದಕ್ಕೆ ವೈರಿಂಗ್ ಮಾಡಿದವನು ಬೇರೆ. ಅವನು ಮೂರನೆಯ ಜಾಗಕ್ಕೆ, ತೊಟ್ಟಿಯಲ್ಲಿ ಭತ್ತ ಇದೆ ಎಂದು ತಿಳಿಸುವ ತಂತಿ ಕೊಟ್ಟಿದ್ದ. ಹೀಗಾಗಿ ತೊಟ್ಟಿಯಲ್ಲಿ ಭತ್ತ ಇರುವವರೆಗೂ ಮುಚ್ಚಳ ಹಾಕಿದೆ ಎಂದೇ ಪೆಟ್ಟಿಗೆ ತಿಳಿದು ಯಂತ್ರ ತಿರುಗುತ್ತಲೇ ಇರುತ್ತಿತ್ತು, ಮುಚ್ಚಳ ತೆಗೆದರೂ ಅಷ್ಟೇ, ಹಾಕಿದರೂ ಅಷ್ಟೇ. ಪ್ರೋಗ್ರಾಂ ಹಾಕಿದ ಪುಣ್ಯಾತ್ಮ ಹೋಗಿ ನೋಡಿದ್ದರೆ ತಾನೇ ಗೊತ್ತಾಗುವುದು?

ಯಂತ್ರದ ಮುಂದೆ ನಿಲ್ಲುವ ಹೆಂಗಸು ಅವನನ್ನು ಕೇಳಿದಳು, "ಮುಚ್ಚಳ ತೆಗೆದರೆ ಇದು ನಿಲ್ಲುತ್ತದಲ್ಲಣ್ಣಾ?"

"ಅಲ್ಲಿ ನಿಲ್ಲುತ್ತದೆ, ಇಲ್ಲೂ ನಿಲ್ಲುತ್ತದಮ್ಮಾ" ಎಂದ.

ಮಧ್ಯಾಹ್ನ ಯಂತ್ರದೊಳಗೆ ಭತ್ತ ಸಿಕ್ಕಿಕೊಂಡು ಅದು ತಿರುಗಲಾರದೆ ಕಚ್ಚಿ ನಿಂತಿತು. ಅವಳು ಅವನ ಮಾತು ನಂಬಿ ಮುಚ್ಚಳ ತೆಗೆದು, ಭತ್ತ ಬಿಡಿಸಲು ಕೈ ಹಾಕಿದಳು.

ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಭಾಗೀರಥಿಗೆ ಸಿಟ್ಟು ಬಂತು.

"ಅಲ್ಲ ಸರ್, ಗಿರಣಿ ಶುರು ಮಾಡುವ ಮೊದಲು ಮುಚ್ಚಳ ತೆಗೆದು ಯಾರೂ ಪರೀಕ್ಷೆ ಮಾಡಲೇ ಇಲ್ಲವೇ?"

"ಯಾಕೆ, ಅವಳು ಮಾಡಿದಳಲ್ಲ" ಎಂದರು ಮೇಷ್ಟ್ರು.