ದೊರೆಯ ಊಟ

ಹೊಳೆ ತಿರುಗುವಲ್ಲಿ ಒಂದು ಆಶ್ರಮವಿತ್ತು. ದೊಡ್ಡದೇನಲ್ಲ, ಮೂರು ಗುಡಿಸಲು, ಒಂದು ಬದನೆ ಮಡಿ, ಒಂದು ಹಳೆಯ ಕಲ್ಲುಬಾನಿ. ಅಲ್ಲಿಯ ಗುರು ಒಬ್ಬ ಮುದುಕಿ. ಅವಳನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು.

ಆಶ್ರಮಕ್ಕೆ ಒಂದೇ ಕಟ್ಟಳೆ. ಮೊದಲ ತುತ್ತು ಎತ್ತುವ ಮುಂಚೆ, ಆ ಊಟ ಯಾರ ಯಾರ ಕೈ ದಾಟಿ ಬಂತೋ ಅವರನ್ನು ನೆನೆಯಬೇಕು. ಅದನ್ನು ನೆನಹು ಎಂದು ಕರೆಯುತ್ತಿದ್ದರು.

ನೆನಹಿನಲ್ಲಿ ಧರಣಪ್ಪನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತು ವರ್ಷ ಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸಿ, ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಶಿಷ್ಯನಾಗಿ ಬಂದವನು. ಮಾತು ಅವನಿಗೆ ಮೊದಲಿನಿಂದಲೂ ಕೈವಶ. ಮಳೆಯಿಂದ ಹಿಡಿದು ಒಲೆಯ ಮೂರು ಕಲ್ಲಿನವರೆಗೆ ಅವನು ಒಬ್ಬರನ್ನೂ ಬಿಡುತ್ತಿರಲಿಲ್ಲ. ರೊಟ್ಟಿ ಬಡಿದ ಗೌರವ್ವನ ಹೆಸರು ಕಟ್ಟಕಡೆಗೆ ಬರುತ್ತಿತ್ತು. ಅಷ್ಟರಲ್ಲಿ ಅವಳ ರೊಟ್ಟಿ ಆರಿ ಸೆಟೆದುಕೊಂಡಿರುತ್ತಿತ್ತು.

ಬಂದ ಭಕ್ತರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ ತಲೆ ತಗ್ಗಿಸಿ ಕೇಳುತ್ತಿದ್ದಳು.

ಯಾವ ಜೀವಕ್ಕೂ ನೋವು ಮಾಡೆನೆಂಬುದು ಧರಣಪ್ಪನ ನೇಮ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದ. ಕಾಲಿಡುವ ಜಾಗವನ್ನು ಮೊದಲು ಗುಡಿಸುತ್ತಿದ್ದ.

ಇಂಥವನ ಗುದ್ದಲಿಯೇ ಒಂದು ಬೆಳಗ್ಗೆ, ಬದನೆ ಮಡಿ ಅಗೆಯುವಾಗ, ಕಪ್ಪೆಯೊಂದರ ಹಿಂಗಾಲಿಗೆ ಬಿತ್ತು.

ಅವನು ಕಪ್ಪೆಯನ್ನು ಬೊಗಸೆಯಲ್ಲಿ ಹಿಡಿದು ಅಳುತ್ತ ಓಡಿ ಬಂದ. ಅವ್ವ ಗಾಯ ತೊಳೆದು, ಬಾನಿಯ ತಳದಲ್ಲಿ ಒದ್ದೆ ಮಣ್ಣು ಹರಡಿ ಅದರಲ್ಲಿ ಕೂರಿಸಿದಳು. ವಾರ ಕಳೆಯುವುದರಲ್ಲಿ ಗಾಯ ಮಾಯಿತು. ಕಾಲು ಮಾತ್ರ ಹೋಗಿತ್ತು.

ಇನ್ನು ಇದಕ್ಕೆ ಜಿಗಿಯಲು ಆಗದು, ಊಟ ಇದ್ದಲ್ಲಿಗೆ ಹೋಗಲು ಆಗದು, ಊಟವೇ ಇದರ ಹತ್ತಿರ ಬರಬೇಕು ಎಂದಳು ಅವ್ವ. ಅದರ ಕಾಲು ನೀನಾಗು ಎಂದು ಧರಣಪ್ಪನಿಗೆ ಒಪ್ಪಿಸಿದಳು.

ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಕಪ್ಪೆಗೊಂದು ಹೆಸರನ್ನೂ ಇಟ್ಟ. ಅದು ಕೂತ ಠೀವಿ ನೋಡಿ ದೊರೆ ಎಂದು ಕರೆದ.

ದೊರೆಗೆ ತುಪ್ಪ ಕಲಸಿದ ಅನ್ನ ಇಟ್ಟ. ದೊರೆ ನೋಡಲಿಲ್ಲ. ನೆನೆಸಿದ ಹೆಸರುಬೇಳೆ ಇಟ್ಟ, ಬಾಳೆಹಣ್ಣು ಕಿವುಚಿ ಇಟ್ಟ. ಇರುವೆಗಳು ಬಂದು ತಿಂದುಹೋದವು. ಕೊನೆಗೆ ಕಿಟಕಿಯ ಸಂದಿಯಲ್ಲಿ ತಾವಾಗಿ ಸತ್ತುಬಿದ್ದಿದ್ದ ನೊಣಗಳನ್ನು ಆಯ್ದು ತಂದು, ಎಲೆಯ ಮೇಲೆ ಸಾಲಾಗಿ ಬಡಿಸಿದ. ಅವುಗಳ ನಡುವೆ ಕೂತೇ ದೊರೆ ಬಡವಾಗುತ್ತ ಹೋಯಿತು. ಅದರ ಪಕ್ಕೆ ಒಳಕ್ಕೆ ಸೇದಿಕೊಂಡಿತು.

ಧರಣಪ್ಪನಿಗೆ ಗಾಬರಿಯಾಯಿತು. ಅವ್ವನನ್ನು ಕರೆದು ತೋರಿಸಿದ.

ಅವ್ವ ಒಂದು ಒಣಗಿದ ಎಲೆಗೆ ದಾರ ಕಟ್ಟಿ ಕಪ್ಪೆಯ ಮುಂದೆ ಮೆಲ್ಲಗೆ ಎಳೆದಳು. ಅಷ್ಟು ದಿನ ಅಲ್ಲಾಡದೆ ಕೂತಿದ್ದ ದೊರೆ ಸರ್ರನೆ ತಿರುಗಿತು. ದಾರ ನಿಂತಿತು. ದೊರೆಯೂ ನಿಂತಿತು.

"ಕದಲೂದು ಅಷ್ಟ ಅದಕ್ಕ ಊಟ," ಎಂದಳು ಅವ್ವ. "ಹುಲ್ಲಿನ ಬಣವಿ ಬುಡಕ ಜೀರುಂಡಿ ಬೇಕಾದಷ್ಟು ಅದಾವ. ಹಿಡಕೊಂಡು ಬಾ."

"ಜೀವಂತ ಹುಳಾ ಏನ್ರಿ ಅವ್ವಾ? ನನ್ನ ಕೈಲೆ ಆಗೂದಿಲ್ರಿ. ನನ್ನ ನೇಮ ನಿಮಗ ಗೊತ್ತೈತಲ್ರಿ."

"ನೇಮ ಯಾರದು?"

"ನಂದ್ರಿ."

"ಉಪಾಸ ಯಾರದು?"

ಧರಣಪ್ಪ ಬಾನಿಯನ್ನು ನೋಡಿದ. ಬೇಕಾದರೆ ನೀವು ಹಾಕಿಬಿಡಿ, ನಾನು ಆ ಕಡೆ ಹೋಗಿರುತ್ತೇನೆ ಎಂದು ಬೇಡಿಕೊಂಡ.

"ಹಾಕತೀನಿ, ಅದಕ್ಕೇನು," ಎಂದಳು ಅವ್ವ. "ನಾ ಹಾಕಿದರ ಹುಳಾ ಉಳೀತೈತಿ?"

"ಇಲ್ರಿ."

"ಮತ್ತ ಏನ್ ಉಳೀತೈತಿ?"

ಅವನಿಗೆ ಉತ್ತರ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು. ಕೊನೆಗೆ, "ನನ್ನ ಕೈ ರಿ," ಎಂದ.

ಅವ್ವ ದಾರ ಸುತ್ತಿಟ್ಟು ತನ್ನ ಕೆಲಸಕ್ಕೆ ಹೋದಳು.

ಧರಣಪ್ಪ ಬಣವೆಯ ಬಳಿ ಮೊಣಕಾಲೂರಿ ಕೂತ. ಹುಲ್ಲು ಸರಿಸಿದ. ಹಿಡಿಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಾಲ್ಕು ಸಲ ತಪ್ಪಿಸಿಕೊಂಡಿತು, ನಾಲ್ಕು ಸಲವೂ ಅವನಿಗೆ ಒಳಗೊಳಗೇ ಖುಷಿಯಾಯಿತು. ಐದನೆಯ ಸಲ ಒಂದು ಜೀರುಂಡೆ ಅಂಗೈಯಲ್ಲಿ ಸಿಕ್ಕಿತು. ಮುಚ್ಚಿದ ಬೊಗಸೆಯೊಳಗೆ ಅದು ಕಾಲಿನಿಂದ ಒದ್ದು ಒದ್ದು ಹೊರದಾರಿ ಹುಡುಕಿತು. ಅಂಗೈಗೆ ಸಣ್ಣಗೆ ಚುಚ್ಚುತ್ತಿತ್ತು. ಇಷ್ಟು ಚಿಕ್ಕ ದೇಹಕ್ಕೆ ಬದುಕಬೇಕೆಂಬ ಇಷ್ಟು ಬಲ ಎಲ್ಲಿಂದ ಬಂತೋ ಎಂದುಕೊಳ್ಳುತ್ತ ಅವನು ಎದ್ದು ನಡೆದ.

ಬಾನಿಯ ಬಳಿ ಅವ್ವ ಕಾಯುತ್ತಿದ್ದಳು.

ಇದಕ್ಕೆ ಏನು ಹೇಳಿ ಬಿಡಬೇಕು ಎಂದು ಅವನು ಕೇಳಿದ. ಅಷ್ಟು ನೆನಹು ಬಲ್ಲವನಿಗೂ ಒಂದು ಮಾತೂ ಹೊಳೆಯಲಿಲ್ಲ.

"ಏನೂ ಅನಬ್ಯಾಡ. ಮುಖಾ ತಿರುವಬ್ಯಾಡ, ಅಷ್ಟ."

ಅವನು ಕೈ ಬಿಚ್ಚಿದ.

ಜೀರುಂಡೆ ಮಣ್ಣಿಗಿಳಿದು ಮೀಸೆ ಆಡಿಸಿತು. ಎರಡು ಹೆಜ್ಜೆ ನಡೆಯಿತು. ದೊರೆ ತಿರುಗಿತು, ಮುಂದಕ್ಕೆ ವಾಲಿತು. ಮುಂದಿನದು ಕಣ್ಣಿಗೆ ಸಿಗುವ ಮೊದಲೇ ಮುಗಿದುಹೋಗಿತ್ತು.

ದೊರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು.

ಧರಣಪ್ಪ ಮೆಲ್ಲಗೆ ಕೇಳಿದ: "ಅದೂ ನೆನಹು ಮಾಡಾಕತ್ತೈತೇನ್ರಿ ಅವ್ವಾ?"

"ನುಂಗಾಕತ್ತೈತಿ," ಎಂದಳು ಅವ್ವ. "ಕಪ್ಪಿ ನುಂಗೂದು ಹಂಗ. ನೆನೆಯೂ ಕೆಲಸ ನಿಂದು."

ದೊರೆ ಕಣ್ಣು ತೆರೆಯಿತು. ಅದರ ಗಂಟಲು ಬಡಬಡ ಬಡಿದುಕೊಳ್ಳುತ್ತಿತ್ತು. ಬದುಕುತ್ತದೆ ಎಂದು ಧರಣಪ್ಪನಿಗೆ ಖಾತ್ರಿಯಾಯಿತು. ಅವನಿಗೆ ಅಳುವೂ ಬಂತು, ಸಂತೋಷವೂ ಆಯಿತು. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತು.

ಅವತ್ತು ದೂರದ ಊರಿನ ದಂಪತಿ ಬಂದಿದ್ದರು; ಧರಣಪ್ಪನ ನೆನಹು ಕೇಳಲೆಂದೇ ಬಂದವರು. ಎಲ್ಲರೂ ಸಾಲಾಗಿ ಕೂತರು. ತಟ್ಟೆಗೆ ಜೋಳದ ರೊಟ್ಟಿ ಬಿತ್ತು, ಪಕ್ಕದಲ್ಲಿ ಬದನೆಕಾಯಿ ಪಲ್ಯ. ಬದನೆ ಅದೇ ಮಡಿಯದು.

ಧರಣಪ್ಪ ಕೈ ಮುಗಿದ. "ಈ ರೊಟ್ಟಿ..." ಎಂದ.

ಮುಂದೆ ಮಾತು ಬರಲಿಲ್ಲ.

ಅಂಗೈಯಲ್ಲಿ ಜೀರುಂಡೆ ಒದ್ದದ್ದು ಇನ್ನೂ ಆರಿರಲಿಲ್ಲ. ಆ ಕೈಯಿಂದಲೇ ರೊಟ್ಟಿ ಮುಟ್ಟಿದ. ಬಿಸಿಯಿತ್ತು. ತಲೆಯೆತ್ತಿದಾಗ ಎದುರಿಗೆ ಬುಟ್ಟಿ ಹಿಡಿದು ನಿಂತಿದ್ದ ಗೌರವ್ವ ಕಂಡಳು. ಅವಳ ಬೆರಳ ತುದಿಗಳೆಲ್ಲ ಹಂಚಿನ ಕಾವಿಗೆ ಸುಟ್ಟು ಕಪ್ಪಾಗಿದ್ದವು. ಮೂರು ವರ್ಷ ದಿನಕ್ಕೆರಡು ಸಲ ಅವಳ ಹೆಸರು ಹೇಳಿದ್ದ. ಆ ಬೆರಳುಗಳನ್ನು ನೋಡಿದ್ದು ಇದೇ ಮೊದಲು.

ಅವನು ಅವಳ ಕೈಯನ್ನೇ ನೋಡುತ್ತ ಕೂತ. ಅವನ ಮುಗಿದ ಕೈ ಅವಳ ಕಡೆಗೆ ಬಾಗಿತು. ಕಣ್ಣಿಂದ ನೀರು ಇಳಿದು ತಟ್ಟೆಗೆ ಬಿತ್ತು. ಗೌರವ್ವ ತಬ್ಬಿಬ್ಬಾಗಿ, ಉಪ್ಪು ಕಡಿಮೆಯಾಯಿತೇನೋ ಎಂದು ಒಳಗೆ ಓಡಿದಳು.

ಬಂದಿದ್ದ ದಂಪತಿಗೆ ನಿರಾಸೆಯಾಗಿತ್ತು. ಇವರು ಇವತ್ತು ನೆನಹು ಮರೆತರೇ ಎಂದು ಅವ್ವನನ್ನು ಪಿಸುಮಾತಿನಲ್ಲಿ ಕೇಳಿದರು.

ಅವ್ವ ತನ್ನ ರೊಟ್ಟಿ ಮುರಿದಳು. ಅದರಿಂದ ಹಬೆ ಎದ್ದಿತು.

"ನೆನಹು ಆತ್ರಿ," ಎಂದಳು. "ರೊಟ್ಟಿ ಇನ್ನೂ ಬಿಸಿ ಅದಾವ, ಉಣ್ರಿ."