ಯಾರನ್ನೂ ಕೇಳದೆ ಸಿಕ್ಕ ದಾರಿ

ಮೊರಾಕ್ಕೊದ ಹಳೇ ಕೋಟೆಯೂರಿನ ಗಲ್ಲಿಗಳಲ್ಲಿ ಪುಟ್ಟಸ್ವಾಮಯ್ಯನವರ ಸಂಸಾರ ದಾರಿ ತಪ್ಪಿತು. ಕೋಟೆ ಬಾಗಿಲಲ್ಲಿ ಬಸ್ಸು ಹೊರಡುವ ಹೊತ್ತಾಗಿತ್ತು.

"ದಾರಿ ನನಗೆ ಗೊತ್ತು. ಯಾರನ್ನೂ ಕೇಳಕೂಡದು!" ಎಂದು ಯಜಮಾನರು ಅಪ್ಪಣೆ ಮಾಡಿದರು. ಚರ್ಮ ಹದಮಾಡುವ ಕೇರಿಯಲ್ಲಿ ನಾತ ತಡೆಯಲೆಂದು ಅಂಗಡಿಯವರು ಕೊಟ್ಟಿದ್ದ ಪುದೀನ ಮೂಗಿಗೆ ಹಿಡಿದು, ಸುತ್ತಿ ಸುತ್ತಿ ಅದೇ ಕೇರಿಗೆ ಬಂದರು.

ಅಲ್ಲಿ ಚರ್ಮದ ಹೊರೆ ಇಳಿಸಿ ಒಂದು ಕತ್ತೆ ಹೊರಟಿತ್ತು. ಗಾಡಿ ನುಗ್ಗದ ಊರು, ಸರಕೆಲ್ಲ ಇಳಿಯುವುದು ಕೋಟೆ ಬಾಗಿಲಲ್ಲಿ. ಮತ್ತೆ ಹೊರೆ ಹೊರಬೇಕಾದರೆ ಕತ್ತೆ ಅಲ್ಲಿಗೇ ಹೋಗಬೇಕು ಎಂದುಕೊಂಡಳು ಹೆಂಡತಿ ಸಾಕಮ್ಮ.

"ರೀ, ಅದರ ಬೆನ್ನಿನ ಕಂಬಳಿ ಎಷ್ಟು ಚೆನ್ನಾಗಿದೆ, ನೋಡ್ತೀನಿ" ಎಂದು ಹಿಂದೆಯೇ ನಡೆದಳು. ಮಗಳು ನಗುತ್ತ ಬಂದಳು, ಯಜಮಾನರು ಗೊಣಗುತ್ತ ಬಂದರು.

ಬಾಗಿಲು ಸಿಕ್ಕಿತು. ಬಸ್ಸೂ ಇತ್ತು.

"ನೋಡಿದೆಯಾ? ಯಾರನ್ನೂ ಕೇಳದೆ ಕರಕೊಂಡು ಬಂದೆ!"

ಸಾಕಮ್ಮ ಅವರ ಕೈಯಿಂದ ಪುದೀನ ತೆಗೆದು ಕತ್ತೆಗೆ ತಿನ್ನಿಸಿದಳು.

"ಹೌದು ರೀ. ನೀವೂ ಕೇಳಲಿಲ್ಲ. ಪಾಪ, ಇದೂ ಹೇಳಿಕೊಳ್ಳಲಿಲ್ಲ."