ಹೆಬ್ಬೆರಳಿನ ಪರೀಕ್ಷೆ

"ಗುರುಗಳೇ, ನೋವನ್ನು ಮುಖದ ಮೇಲೆ ತೋರಿಸದೆ ಇರುವುದೂ ಒಂದು ಸಾಧನೆಯೇ ಅಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಮಠದ ಬೆಟ್ಟವನ್ನು ಇಪ್ಪತ್ತೊಂದು ದಿನ ಬರಿಗಾಲಲ್ಲಿ ಸುತ್ತುವ ವ್ರತ ಹಿಡಿದಿದ್ದ. ಗುರುಗಳು ಕೂತು ಕೇಳು ಎಂದರು. ನಿಂತೇ ಇರುತ್ತೇನೆ ಎಂದ. ಅವರು ಒತ್ತಾಯ ಮಾಡದೆ ಕತೆ ಶುರುಮಾಡಿದರು.

ಸೈನ್ಯದ ತರಬೇತಿ ಶಿಬಿರದಲ್ಲಿ ಒಬ್ಬ ಹೊಸ ಸಿಪಾಯಿಯಿದ್ದ. ಭಾರ ಹೊತ್ತು ಓಡಿ ಓಡಿ ಅವನ ಮೊಣಕಾಲಿನ ಕೆಳಗಿನ ಮೂಳೆ ನೋಯತೊಡಗಿತು. ಶಿಬಿರದ ವೈದ್ಯನ ಬಳಿ ಇಂಥ ನೋವು ವಾಸಿಮಾಡಲು ಕೆಂಪು ಬೆಳಕಿನ ಒಂದು ದೀಪವಿತ್ತು. ಅದನ್ನು ದಿನವೂ ಸ್ವಲ್ಪ ಹೊತ್ತು ಕಾಲಿಗೆ ಹಿಡಿಯುತ್ತಿದ್ದ.

"ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಬೆಳಕು ತನ್ನ ಕೆಲಸ ಮಾಡಲಿ, ನೀನು ಮಾತ್ರ ಏನೂ ಮಾಡಬೇಡ. ನೋವು ಪೂರ್ತಿ ಹೋಗುವವರೆಗೆ ಓಡುವ ಹಾಗಿಲ್ಲ," ಎಂದ ವೈದ್ಯ.

ಸಿಪಾಯಿ ದಿನ ಎಣಿಸಿದ. ತರಬೇತಿಯ ಕೊನೆಯ ಮೂವತ್ತು ಕಿಲೋಮೀಟರ್ ನಡಿಗೆಗೆ ಹತ್ತೇ ದಿನ ಉಳಿದಿತ್ತು. ಅದು ತಪ್ಪಿದರೆ ಮುಂದಿನ ತಂಡದೊಡನೆ ಮೊದಲಿನಿಂದ ಶುರುಮಾಡಬೇಕು. ಕುಂಟ ಎಂಬ ಹೆಸರೂ ಅಂಟಿಕೊಳ್ಳುತ್ತದೆ. ಆ ವಯಸ್ಸಿಗೆ ಅದು ಸಾವಿಗಿಂತ ಹೆಚ್ಚು, ಅವನನ್ನು ಆಡಿಕೊಂಡು ಫಲವಿಲ್ಲ.

ವೈದ್ಯನ ಪರೀಕ್ಷೆ ಎಲ್ಲರಿಗೂ ಗೊತ್ತಿತ್ತು. ಹೆಬ್ಬೆರಳಿನಿಂದ ಮೂಳೆ ಒತ್ತುತ್ತಿದ್ದ, ಮುಖ ನೋಡುತ್ತಿದ್ದ. ಮುಖ ಕಿವುಚಿದರೆ ವಿಶ್ರಾಂತಿ, ಇಲ್ಲದಿದ್ದರೆ ಮೈದಾನ. ಸಿಪಾಯಿ ಪಕ್ಕದ ಮಂಚದ ಗೆಳೆಯನನ್ನು ಕಾಡಿ ಬೇಡಿ ಒಪ್ಪಿಸಿದ. ಗೆಳೆಯ ದಿನಾ ಬೆಳಿಗ್ಗೆ ಅವನ ಕಾಲನ್ನು ಬಲವಾಗಿ ಒತ್ತುತ್ತಿದ್ದ, ಇವನು ಕನ್ನಡಿ ಹಿಡಿದು ನಗುವುದನ್ನು ಕಲಿಯುತ್ತಿದ್ದ. ಕಾಲು ವಾಸಿಯಾಗುವ ಮೊದಲೇ ಮುಖ ಗಟ್ಟಿಯಾಯಿತು.

ಒಂಬತ್ತನೆಯ ದಿನ ವೈದ್ಯ ಒತ್ತಿದ. ಸಿಪಾಯಿ ನಕ್ಕ. ದೀಪ ಇಷ್ಟು ಬೇಗ ಗುಣ ಕೊಟ್ಟಿತಲ್ಲ ಎಂದು ವೈದ್ಯನಿಗೂ ಖುಷಿಯಾಯಿತು. ನಡಿಗೆಗೆ ಅಪ್ಪಣೆ ಕೊಟ್ಟ.

ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದ ಗೆಳೆಯನಿಗೂ ಸದ್ದು ಕೇಳಿಸಿತು. ಅವನೇ ಹೊತ್ತು ತಂದ, ದಾರಿಯುದ್ದಕ್ಕೂ ತನ್ನ ಹೆಬ್ಬೆರಳನ್ನು ಬೈದುಕೊಳ್ಳುತ್ತ. ಎರಡು ಸಲ ಶಸ್ತ್ರಚಿಕಿತ್ಸೆಯಾದರೂ ಕಾಲು ನೆಟ್ಟಗಾಗಲಿಲ್ಲ. ಸೈನ್ಯ ಅವನನ್ನು ಮನೆಗೆ ಕಳಿಸಿತು.

ಹೊರಡುವ ದಿನ ವೈದ್ಯ, "ಒಂದು ಮಾತು ಹೇಳಿದ್ದರೆ ನಾಲ್ಕು ತಿಂಗಳು ತಡವಾಗಿಯಾದರೂ ನೀನು ಸಿಪಾಯಿಯಾಗಿರುತ್ತಿದ್ದೆಯಲ್ಲಪ್ಪ," ಎಂದ. ಸಿಪಾಯಿಗೆ ಅಳು ಬಂತು. ಆದರೆ ಮುಖ ಆಗಲೂ ನಗುತ್ತಿತ್ತು, ಅದಕ್ಕೆ ಬೇರೇನೂ ಬಾರದಾಗಿತ್ತು.

ಇಲ್ಲಿಗೆ ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕಂಬಕ್ಕೆ ಒಂದು ಕೈ ಕೊಟ್ಟು ಇನ್ನೂ ನಿಂತೇ ಇದ್ದ. ಅವನ ಮುಖದಲ್ಲಿ ನಗುವಿತ್ತು.

"ಯಾವ ಕಾಲು?" ಎಂದರು ಗುರುಗಳು.